ಓಡಿ ಬಂದು ಗುರಿ ಹಿಡಿಯುವುದು: ಕೈಯನ್ನೂ ತಲೆಯನ್ನೂ ಪಳಗಿಸುವ 7 ಹಂತಗಳು

"ನಿಂತಲ್ಲೇ ನಿಂತು ಹೊಡೆದರೆ ಗುಂಡುಗಳು ಒಂದೇ ಕಡೆ ಬೀಳುತ್ತವೆ. 200 ಮೀಟರ್ ಓಡಿ ಬಂದು ಹೊಡೆದರೆ ಟಾರ್ಗೆಟ್ ತುಂಬ ಚೆದುರುತ್ತವೆ. ಏನು ಮಾಡಲಿ?" ಭದ್ರತಾ ಕೆಲಸದಲ್ಲಿರುವ ಓದುಗರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು. ಒಬ್ಬೊಬ್ಬರಿಗೂ ತುಂಡು ತುಂಡಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಮೊದಲೇ ಒಂದು ಮಾತು. ಹೆಚ್ಚಿನವರು ಇದನ್ನು ಬರೀ ಕೈಯ ಸಮಸ್ಯೆ ಅಂದುಕೊಳ್ಳುತ್ತಾರೆ. ಕೈ ನಡುಗುವುದು ಕಣ್ಣಿಗೆ ಕಾಣುತ್ತದೆ, ಅದಕ್ಕೇ. ಅದೇ ಹೊತ್ತಿಗೆ ತಲೆಯೂ ಮಂಕಾಗಿರುತ್ತದೆ, ಅದು ನಮಗೇ ಗೊತ್ತಾಗುವುದಿಲ್ಲ. ಗುಂಡು ನಾಲ್ಕು ಬೆರಳು ಆಚೆ ಬೀಳುವುದಕ್ಕಿಂತ, ಹೊಡೆಯಲೇಬಾರದವರ ಮೇಲೆ ಗುಂಡು ಹಾರುವುದು ದೊಡ್ಡ ಅನಾಹುತ. ಹಾಗಾಗಿ ಇಲ್ಲಿನ ಅಭ್ಯಾಸದಲ್ಲಿ ಎರಡನ್ನೂ ಜೊತೆಗೇ ಪಳಗಿಸುತ್ತೇವೆ.

ದೇಹದೊಳಗೆ ಏನಾಗುತ್ತದೆ?

ಸುಮ್ಮನೆ ಕೂತಾಗ ನಾಡಿ ನಿಮಿಷಕ್ಕೆ 60ರಿಂದ 100 ಸಲ ಬಡಿಯುತ್ತದೆ. ಜೋರಾಗಿ ಓಡಿದರೆ 170, 180 ದಾಟಬಹುದು. ನಿಮಿಷಕ್ಕೆ 12ರಿಂದ 20 ಸಲ ಆಡುತ್ತಿದ್ದ ಉಸಿರು 40 ಮುಟ್ಟುತ್ತದೆ, ಕೆಲವರಿಗೆ ಇನ್ನೂ ಜಾಸ್ತಿ. ಪ್ರತಿ ಉಸಿರಿಗೂ ಎದೆ ಏಳುತ್ತದೆ. ಎದೆಯ ಜೊತೆ ಹೆಗಲು, ಹೆಗಲಿನ ಜೊತೆ ತೋಳು, ತೋಳಿನ ಜೊತೆ ಬ್ಯಾರಲ್ಲಿನ, ಅಂದರೆ ಗುಂಡು ಹೊರಬರುವ ನಳಿಕೆಯ, ಬಾಯಿ.

ಇಷ್ಟು ಸಣ್ಣ ಅಲುಗಾಟದಿಂದ ಏನು ಮಹಾ ವ್ಯತ್ಯಾಸ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಪಿಸ್ತೂಲಿನ ಹಿಂದಿನ ಸೈಟ್‌ಗೂ ಮುಂದಿನ ಸೈಟ್‌ಗೂ ನಡುವೆ 15 ಸೆಂಟಿಮೀಟರ್ ಇದೆ ಅಂದುಕೊಳ್ಳೋಣ. ಸೈಟ್ ಎಂದರೆ ಗುರಿ ಹೊಂದಿಸಲು ಬ್ಯಾರಲ್ ಮೇಲಿರುವ ಗುರುತು. ಮುಂದಿನ ಸೈಟ್ ಬರೀ 1 ಮಿಲಿಮೀಟರ್ ಸರಿದರೆ 10 ಮೀಟರ್ ದೂರದಲ್ಲಿ ಗುಂಡು ಸುಮಾರು 6.7 ಸೆಂಟಿಮೀಟರ್ ಪಕ್ಕಕ್ಕೆ ಹೋಗುತ್ತದೆ. 25 ಮೀಟರ್‌ನಲ್ಲಿ ಸುಮಾರು 17 ಸೆಂಟಿಮೀಟರ್.

ಇದರ ಮೇಲೆ ಸ್ನಾಯುಗಳ ನಡುಕ. ಎಲ್ಲರ ಕೈಯಲ್ಲೂ ಸೆಕೆಂಡಿಗೆ 8ರಿಂದ 12 ಸಲದ ಸಣ್ಣ ಕಂಪನ ಯಾವಾಗಲೂ ಇರುತ್ತದೆ. ದಣಿದಾಗ ಅದು ದೊಡ್ಡದಾಗುತ್ತದೆ. ಇನ್ನೊಂದು ತೊಂದರೆ ಬೆರಳಿನದು. ಆರಾಮಾಗಿದ್ದಾಗ ತೋರುಬೆರಳೊಂದೇ ಟ್ರಿಗರ್ ಎಳೆಯುತ್ತದೆ. ಸುಸ್ತಾದಾಗ ಇಡೀ ಮುಷ್ಟಿಯೇ ಬಿಗಿಯಾಗುತ್ತದೆ, ಬ್ಯಾರಲ್ ಕೆಳಕ್ಕೆ ಬಾಗುತ್ತದೆ.

ಇನ್ನು ತಲೆಯ ವಿಷಯ. ಹದವಾದ ವ್ಯಾಯಾಮ ತಲೆಯನ್ನು ಚುರುಕು ಮಾಡುತ್ತದೆ. ನಡೆದು ಬಂದ ಮೇಲೆ ಸ್ವಲ್ಪ ಬೇಗ ಪ್ರತಿಕ್ರಿಯಿಸುತ್ತೀರಿ. ದಮ್ಮು ಕಟ್ಟುವಷ್ಟು ದುಡಿದಾಗ ಕಥೆ ತಿರುಗುತ್ತದೆ. ನೋಟ ಕೊಳವೆಯೊಳಗಿಂದ ನೋಡಿದ ಹಾಗೆ ಕಿರಿದಾಗುತ್ತದೆ. ಪಕ್ಕದವರು ಕೂಗಿದ್ದು ಕಿವಿಗೆ ಬೀಳದೆ ಹೋಗಬಹುದು. 1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಮನೋವಿಜ್ಞಾನಿಗಳು ಇಲಿಗಳ ಮೇಲೆ ಮಾಡಿದ ಪ್ರಯೋಗ ಈ ದಿಕ್ಕಿನ ಹಳೆಯ ಸುಳಿವು. ಕೆಲಸ ಸುಲಭವಿದ್ದರೆ ಪ್ರಚೋದನೆ, ಅಂದರೆ ಇಲಿಗಳಿಗೆ ಕೊಡುತ್ತಿದ್ದ ವಿದ್ಯುತ್ ಶಾಕ್, ಹೆಚ್ಚಿದ್ದರೂ ಕಲಿಕೆ ನಡೆಯಿತು. ಎರಡು ವಸ್ತುಗಳ ನಡುವಿನ ವ್ಯತ್ಯಾಸ ಗುರುತಿಸುವುದು ಕಷ್ಟವಿದ್ದಾಗ, ಅದೇ ಪ್ರಚೋದನೆ ಕಲಿಕೆಯನ್ನು ಕೆಡಿಸಿತು. ನಿಮ್ಮ ಕೆಲಸಕ್ಕೂ ಇದು ಹೊಂದುತ್ತದೆ. ಟ್ರಿಗರ್ ಎಳೆಯುವುದು ಸುಲಭದ ಕೆಲಸ, ಸುಸ್ತಿನಲ್ಲೂ ಆಗಿಬಿಡುತ್ತದೆ. ಎದುರಿನವನ ಕೈಯಲ್ಲಿರುವುದು ಫೋನೋ ಆಯುಧವೋ ಎಂದು ಗುರುತಿಸುವುದೇ ಕಷ್ಟದ ಕೆಲಸ. ಮೊದಲು ಕೈಕೊಡುವುದು ಅದೇ.

ಬಯಾಥ್ಲಾನ್ ಆಟಗಾರರಿಂದ ಏನು ಕಲಿಯಬಹುದು?

ಹಿಮದ ಮೇಲೆ ಸ್ಕೀ ಮಾಡಿಕೊಂಡು ಬಂದು, ಏದುಸಿರಿನಲ್ಲೇ ರೈಫಲ್ ಹೊಡೆಯುವ ಆಟ ಬಯಾಥ್ಲಾನ್. 1960ರಿಂದ ಚಳಿಗಾಲದ ಒಲಿಂಪಿಕ್ಸ್‌ನಲ್ಲಿದೆ. ಗುರಿ 50 ಮೀಟರ್ ದೂರ. ಮಲಗಿ ಹೊಡೆಯುವಾಗ ಅದರ ಅಗಲ 4.5 ಸೆಂಟಿಮೀಟರ್, ನಿಂತು ಹೊಡೆಯುವಾಗ 11.5. ನಿಂತು ಹೊಡೆಯುವುದು ಎಷ್ಟು ಕಷ್ಟ ಎಂದು ಆಟದ ನಿಯಮವೇ ಒಪ್ಪಿಕೊಂಡ ಹಾಗಾಯಿತು, ಅಲ್ವಾ? ದಣಿವಿನ ಪೆಟ್ಟು ಹೆಚ್ಚು ಬೀಳುವುದೂ ನಿಂತ ಭಂಗಿಗೇ.

ಅವರು ನಾಡಿ ಪೂರ್ತಿ ಇಳಿಯಲಿ ಎಂದು ಕಾಯುವುದಿಲ್ಲ. ರೇಂಜ್, ಅಂದರೆ ಗುಂಡು ಹೊಡೆಯುವ ಜಾಗ, ಹತ್ತಿರ ಬರುತ್ತಿದ್ದಂತೆ ವೇಗ ತಗ್ಗಿಸಿ, ಉಸಿರನ್ನು ಹಿಡಿತಕ್ಕೆ ತಂದುಕೊಂಡು, ಬಡಿತ ಜೋರಾಗಿರುವಾಗಲೇ ಹೊಡೆಯುತ್ತಾರೆ. ನಾವು ಕಲಿಯಬೇಕಾದದ್ದು ಈ ಬದಲಾವಣೆಯ ಹೊತ್ತನ್ನು ನಿಭಾಯಿಸುವುದು. ಒಂದು ವ್ಯತ್ಯಾಸ ಮಾತ್ರ ಮರೆಯಬೇಡಿ. ಅವರ ಗುರಿ ಎಂದೂ ಅಮಾಯಕನಾಗಿರುವುದಿಲ್ಲ. ನಿಮ್ಮದು ಆಗಿರಬಹುದು.

ಏನೇನು ಬೇಕು?

ಪರವಾನಗಿ ಇರುವ ಫೈರಿಂಗ್ ರೇಂಜ್ ಮತ್ತು ಅಲ್ಲಿ ಜವಾಬ್ದಾರಿ ಹೊತ್ತ ತರಬೇತುದಾರರು. ಒಬ್ಬ ಜೊತೆಗಾರ. ರಬ್ಬರ್ ಅಥವಾ ಪ್ಲಾಸ್ಟಿಕ್‌ನ ಡಮ್ಮಿ ಆಯುಧ. ಸ್ಟಾಪ್‌ವಾಚ್, ಅಳತೆ ಪಟ್ಟಿ, ನೋಟ್‌ಬುಕ್. ನಾಡಿ ತೋರಿಸುವ ವಾಚ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಕತ್ತಿನ ಪಕ್ಕ ಎರಡು ಬೆರಳಿಟ್ಟು ಎಣಿಸಿದರೂ ಸಾಕು. ಬೇರೆ ಬೇರೆ ಚಿತ್ರಗಳಿರುವ ಕಾಗದದ ಟಾರ್ಗೆಟ್‌ಗಳು. ಕುಡಿಯುವ ನೀರು.

ಬಹಳ ದಿನದಿಂದ ಓಡಿಲ್ಲದವರು, ಬಿಪಿ, ಸಕ್ಕರೆ ಕಾಯಿಲೆ ಅಥವಾ ಹೃದಯದ ತೊಂದರೆ ಇರುವವರು ಮೊದಲು ವೈದ್ಯರ ಹತ್ತಿರ ತೋರಿಸಿಕೊಳ್ಳಿ. ಅಭ್ಯಾಸದ ನಡುವೆ ಎದೆ ನೋವು, ತಲೆಸುತ್ತು, ಕಣ್ಣು ಕತ್ತಲೆ ಬಂದರೆ ಅಲ್ಲೇ ನಿಲ್ಲಿಸಿ.

ಸುರಕ್ಷತೆಯಲ್ಲಿ ಮೂರು ವಿಷಯಕ್ಕೆ ರಿಯಾಯಿತಿ ಇಲ್ಲ. ಒಂದು, ಗುಂಡು ತುಂಬಿದ ಆಯುಧ ಕೈಯಲ್ಲಿ ಹಿಡಿದು ಓಡುವುದು, ಜಿಗಿಯುವುದು, ದಂಡ ಹೊಡೆಯುವುದು ಈ ಅಭ್ಯಾಸದಲ್ಲಿ ಎಲ್ಲೂ ಇಲ್ಲ. ದೈಹಿಕ ಶ್ರಮದ ಭಾಗವನ್ನು ಆಯುಧವಿಲ್ಲದೆ ಮುಗಿಸಬೇಕು. ಎರಡು, ಹೊಡೆಯಬೇಕು ಎಂದು ನಿರ್ಧರಿಸುವವರೆಗೂ ಬೆರಳು ಟ್ರಿಗರ್ ಗಾರ್ಡ್‌ನ ಹೊರಗೆ ಇರಲಿ. ಟ್ರಿಗರ್ ಸುತ್ತಲಿನ ಬಳೆಯಂಥ ಭಾಗವೇ ಟ್ರಿಗರ್ ಗಾರ್ಡ್. ಎಡವಿದಾಗ, ಬೆಚ್ಚಿದಾಗ, ಇನ್ನೊಂದು ಕೈಯಿಂದ ಏನನ್ನಾದರೂ ಗಟ್ಟಿಯಾಗಿ ಹಿಡಿದಾಗ ಆಯುಧವಿರುವ ಕೈಯೂ ತಾನಾಗಿಯೇ ಬಿಗಿಯುತ್ತದೆ. ದಣಿದ ದೇಹದಲ್ಲಿ ಇದನ್ನು ತಡೆಯುವುದು ಇನ್ನೂ ಕಷ್ಟ. ಮೂರು, ಗುಂಡಿಲ್ಲದ ಅಭ್ಯಾಸ ಮಾಡುವ ಕೋಣೆಯಲ್ಲಿ ಒಂದೇ ಒಂದು ಗುಂಡೂ ಇರಬಾರದು. ಬ್ಯಾರಲ್ಲಿನ ಹಿಂತುದಿಯಲ್ಲಿ ಗುಂಡು ಕೂರುವ ಜಾಗವಾದ ಚೇಂಬರ್ ಖಾಲಿ ಇದೆಯೇ ಎಂದು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ನೋಡಿ. ಜೊತೆಗಾರನಿಗೂ ತೋರಿಸಿ.

ಹಂತ 1: ಆರಾಮಾಗಿದ್ದಾಗಿನ ಅಳತೆ

10 ಮೀಟರ್‌ನಿಂದ, ಅವಸರವಿಲ್ಲದೆ, 5 ಗುಂಡು ಹೊಡೆಯಿರಿ. ಒಂದಕ್ಕೊಂದು ಅತಿ ದೂರ ಇರುವ ಎರಡು ತೂತುಗಳ ನಡುವಿನ ಅಂತರ ಅಳೆಯಿರಿ. ಇದನ್ನೇ ಗ್ರೂಪಿಂಗ್ ಎನ್ನುತ್ತಾರೆ. ಮೂರು ಸಲ ಮಾಡಿ, ಸರಾಸರಿ ಬರೆದಿಡಿ. ಆ ಹೊತ್ತಿನ ನಾಡಿಯನ್ನೂ ಬರೆಯಿರಿ. ಇನ್ನೊಂದು ದಿನ ಮತ್ತೆ ಮಾಡಿ ನೋಡಿ.

ಆರಾಮಾಗಿದ್ದಾಗಲೇ ಗುಂಡುಗಳು ಚೆದುರುತ್ತಿದ್ದರೆ ಮುಂದಿನ ಹಂತಕ್ಕೆ ಹೋಗಬೇಡಿ. ಹಿಡಿತ, ಸೈಟ್, ಟ್ರಿಗರ್ ಮೂರನ್ನೂ ಮೊದಲು ಸರಿಮಾಡಿಕೊಳ್ಳಿ. ಇಲ್ಲದಿದ್ದರೆ ಸುಸ್ತಿನ ತಪ್ಪು ಯಾವುದು, ಮೂಲದ ತಪ್ಪು ಯಾವುದು ಎಂದು ಬೇರ್ಪಡಿಸಲು ಆಗುವುದಿಲ್ಲ.

ಹಂತ 2: ನಾಡಿ ಎಷ್ಟು ಬೇಗ ಇಳಿಯುತ್ತದೆ?

ಇದು ಆಯುಧವಿಲ್ಲದ ಹಂತ. 10 ನಿಮಿಷ ಮೈ ಬಿಸಿ ಮಾಡಿಕೊಳ್ಳಿ. ಆಮೇಲೆ 60 ಸೆಕೆಂಡ್ ಜೋರಾಗಿ ಓಡಿ. ನಿಂತ ಕೂಡಲೇ ನಾಡಿ ನೋಡಿ. 30 ಸೆಕೆಂಡ್ ಬಿಟ್ಟು ಮತ್ತೊಮ್ಮೆ, 60 ಸೆಕೆಂಡ್‌ಗೆ ಇನ್ನೊಮ್ಮೆ. ಬೆರಳಿನಿಂದ ಎಣಿಸುವವರು 10 ಸೆಕೆಂಡ್ ಮಾತ್ರ ಎಣಿಸಿ, 6ರಿಂದ ಗುಣಿಸಿ. ಇಡೀ ನಿಮಿಷ ಎಣಿಸುತ್ತಾ ಕೂತರೆ ಅಷ್ಟರಲ್ಲಿ ನಾಡಿ ಇಳಿದಿರುತ್ತದೆ, ಲೆಕ್ಕ ತಪ್ಪುತ್ತದೆ.

ಚೆನ್ನಾಗಿ ಪಳಗಿದವರಲ್ಲಿ ಮೊದಲ ನಿಮಿಷದಲ್ಲೇ 30ಕ್ಕೂ ಹೆಚ್ಚು ಬಡಿತ ಇಳಿಯಬಹುದು. ಮೊದಲ ನಿಮಿಷದಲ್ಲಿ 12ರಷ್ಟೂ ಇಳಿಯದಿದ್ದರೆ, ಅದೂ ಪದೇ ಪದೇ ಹಾಗೇ ಆದರೆ, ವೈದ್ಯರಿಗೆ ಹೇಳಿ.

220ರಿಂದ ವಯಸ್ಸು ಕಳೆದರೆ ಗರಿಷ್ಠ ನಾಡಿ ಸಿಗುತ್ತದೆ ಎಂಬ ಸೂತ್ರ ನೀವೂ ಕೇಳಿರುತ್ತೀರಿ. ಅದು ಅಂದಾಜು ಮಾತ್ರ. ಒಬ್ಬರಿಂದ ಒಬ್ಬರಿಗೆ 10-12 ಬಡಿತ ಆಚೀಚೆ ಇರುವುದು ಮಾಮೂಲು. ಪಕ್ಕದವನ ಅಂಕಿಯ ಜೊತೆ ನಿಮ್ಮದನ್ನು ಹೋಲಿಸಬೇಡಿ.

ಹಂತ 3: ಉಸಿರು

ಎಲ್ಲ ಹಂತಗಳಲ್ಲಿ ಇದಕ್ಕೇ ಹೆಚ್ಚು ಸಮಯ ಕೊಡಿ ಎಂದು ನಾನು ಹೇಳುತ್ತೇನೆ. ನಾಡಿ ನಮ್ಮ ಮಾತು ನೇರವಾಗಿ ಕೇಳುವುದಿಲ್ಲ. ಉಸಿರು ಕೇಳುತ್ತದೆ.

ಆರಾಮಾಗಿದ್ದಾಗ ಉಸಿರು ಬಿಟ್ಟ ಮೇಲೆ, ಮತ್ತೆ ಎಳೆದುಕೊಳ್ಳುವ ಮೊದಲು, 2-3 ಸೆಕೆಂಡ್ ತಾನಾಗಿಯೇ ಒಂದು ವಿರಾಮ ಬರುತ್ತದೆ. ಗುರಿಕಾರರು ಟ್ರಿಗರ್ ಎಳೆಯುವುದು ಆ ವಿರಾಮದಲ್ಲಿ. ಏದುಸಿರಿನಲ್ಲಿ ಆ ವಿರಾಮ ಕಣ್ಣು ಮಿಟುಕಿಸುವಷ್ಟೂ ಉಳಿಯುವುದಿಲ್ಲ. ಹೊಸಬರು ಇಲ್ಲೇ ಎಡವುತ್ತಾರೆ. ಎದೆ ತುಂಬ ಗಾಳಿ ತುಂಬಿಕೊಂಡು, ಬಿಗಿ ಹಿಡಿದು, ಸೈಟ್ ನಿಲ್ಲಲಿ ಎಂದು ಕಾಯುತ್ತಾರೆ. ಸೈಟ್ ನಿಲ್ಲುವುದೇ ಇಲ್ಲ. 8-10 ಸೆಕೆಂಡ್ ಆಗುವಷ್ಟರಲ್ಲಿ ಕಣ್ಣು ಮಂಜಾಗುತ್ತದೆ, ನಡುಕ ಹೆಚ್ಚುತ್ತದೆ. ಕೊನೆಗೆ ತಡೆಯಲಾರದೆ ಟ್ರಿಗರನ್ನು ಜಗ್ಗಿಬಿಡುತ್ತಾರೆ.

ಹೀಗೆ ಮಾಡಿ. ಓಡಿ ಬಂದು ನಿಂತ ಕೂಡಲೇ ಉಸಿರು ಎಳೆಯುವುದಕ್ಕಿಂತ ಬಿಡುವುದರ ಕಡೆ ಗಮನ ಕೊಡಿ. ಎಳೆದಷ್ಟರ ಎರಡು ಪಟ್ಟು ಹೊತ್ತು ಬಾಯಿಯಿಂದ ಬಿಡಿ. ಅಂಥ ಎರಡು ಮೂರು ಉಸಿರು ಸಾಕು. ನಂತರದ ಉಸಿರನ್ನು ಅರ್ಧ ಬಿಟ್ಟು, ಅಲ್ಲೇ 2-3 ಸೆಕೆಂಡ್ ನಿಲ್ಲಿಸಿ, ಅಷ್ಟರೊಳಗೆ ಟ್ರಿಗರನ್ನು ಮೆತ್ತಗೆ ಹಿಂದಕ್ಕೆ ಒತ್ತಿ. ಆಗಲಿಲ್ಲವೆಂದರೆ ಬೆರಳು ಸಡಿಲಿಸಿ, ಉಸಿರಾಡಿ, ಮೊದಲಿಂದ ಶುರು ಮಾಡಿ. ಅಷ್ಟು ಸಮಯವೂ ಇಲ್ಲದ, ಗುರಿ ತೀರಾ ಹತ್ತಿರವಿರುವ ಸಂದರ್ಭದಲ್ಲಿ ಉಸಿರಿನ ಗೊಡವೆ ಬಿಡಿ. ಟ್ರಿಗರ್ ಜಗ್ಗದಿರುವುದೊಂದೇ ಅಲ್ಲಿ ಮುಖ್ಯ.

4 ಎಣಿಸುವವರೆಗೆ ಎಳೆದು, 4 ತಡೆದು, 4 ಬಿಟ್ಟು, 4 ಖಾಲಿ ಇರುವ ಬಾಕ್ಸ್ ಬ್ರೀದಿಂಗ್ ಬಗ್ಗೆಯೂ ಕೇಳುತ್ತಾರೆ. ಅದು ಒಳ್ಳೆಯ ಅಭ್ಯಾಸವೇ. ಆದರೆ ಕೆಲಸಕ್ಕೆ ಇಳಿಯುವ ಮುಂಚೆ, ಅಥವಾ ಎಲ್ಲ ಮುಗಿದ ಮೇಲೆ ಮಾಡುವಂಥದ್ದು. ಜೋರಾಗಿ ಓಡಿ ಬಂದ ಕ್ಷಣದಲ್ಲಿ ದೇಹ ಗಾಳಿಗೆ ಹಪಹಪಿಸುತ್ತಿರುತ್ತದೆ. ಆಗ 4 ಸೆಕೆಂಡ್ ತಡೆಯಲು ಹೋದರೆ ಇನ್ನಷ್ಟು ಉಸಿರು ಕಟ್ಟುತ್ತದೆ.

ಹಂತ 4: ಗುಂಡಿಲ್ಲದೆ, ಸುಸ್ತಿನಲ್ಲಿ

ಡಮ್ಮಿ ಅಥವಾ ಎರಡೆರಡು ಸಲ ಪರೀಕ್ಷಿಸಿ ಖಾಲಿ ಮಾಡಿದ ಆಯುಧ ಮೇಜಿನ ಮೇಲಿರಲಿ. 30 ಸೆಕೆಂಡ್ ಸ್ಕ್ವಾಟ್ ಮಾಡಿ ಅಥವಾ ನಿಂತಲ್ಲೇ ಓಡಿ. ಹಂತ 3ರ ಉಸಿರು ತೆಗೆದುಕೊಳ್ಳಿ. ಆಯುಧ ಎತ್ತಿ, ಗುರಿ ಹೊಂದಿಸಿ, ಟ್ರಿಗರ್ ಒತ್ತಿ. ಮುಂದಿನ ಸೈಟ್ ಹತ್ತಿರ ಒಂದು ನಾಣ್ಯ ಇಡಲು ಜೊತೆಗಾರನಿಗೆ ಹೇಳಿ. ಅವನು ಪಕ್ಕದಿಂದ ಇಡಲಿ, ಬ್ಯಾರಲ್ಲಿನ ಮುಂದೆ ಕೈಯಾಗಲಿ ಮೈಯಾಗಲಿ ಬರಬಾರದು. ಟ್ರಿಗರ್ ಒತ್ತಿದಾಗ ನಾಣ್ಯ ಬೀಳದಿದ್ದರೆ ಬೆರಳು ಸರಿಯಾಗಿ ಕೆಲಸ ಮಾಡಿದೆ ಎಂದರ್ಥ.

ಸೈಟ್ ಅಲುಗಾಡುತ್ತದೆ. ಅಲುಗಾಡಲಿ ಬಿಡಿ. ಅದು ಗುರಿಯ ನಡುಭಾಗದಲ್ಲೇ ಸಣ್ಣ ಎಂಟರ ಆಕಾರದಲ್ಲಿ ಸುತ್ತುತ್ತಿದ್ದರೆ ಸಾಕು. "ಈಗ ನಿಂತಿತು, ಈಗಲೇ ಹೊಡಿ" ಎಂದು ಅದನ್ನು ಹಿಡಿಯಲು ಹೋದಾಗಲೇ ಟ್ರಿಗರ್ ಜಗ್ಗುವುದು. ಮಂಡಿಯೂರಿ, ಗೋಡೆಗೋ ಕಂಬಕ್ಕೋ ಮೈ ಆನಿಸಿ ಮಾಡುವುದನ್ನೂ ಇಲ್ಲೇ ಕಲಿತುಬಿಡಿ. ಸುಸ್ತಾದಾಗ ಆಸರೆ ಸಿಕ್ಕರೆ ಬಿಡಬಾರದು.

ಹಂತ 5: ಗುಂಡಿನೊಂದಿಗೆ, ಸುಸ್ತಿನಲ್ಲಿ

ತರಬೇತುದಾರರ ಕಣ್ಣೆದುರಿಗೇ ಆಗಬೇಕಾದ ಹಂತ. ಮೊದಲ ದಿನ ಹದವಾದ ಓಟ, ಮಾತಾಡಲು ಆಗುವಷ್ಟು. ಇನ್ನೊಂದು ದಿನ ನಾಲ್ಕು ಮಾತಿಗೊಮ್ಮೆ ಉಸಿರು ತೆಗೆದುಕೊಳ್ಳುವಷ್ಟು. ಮೂರನೆಯ ಸಲ ಮಾತೇ ಹೊರಡದಷ್ಟು. ಪ್ರತಿ ಸಲವೂ ಓಟ ಮುಗಿಸಿ, ರೇಂಜ್‌ನ ಗೆರೆಯವರೆಗೆ ನಡೆದು ಬಂದು, ತರಬೇತುದಾರರ ಆದೇಶದ ನಂತರವೇ ಆಯುಧ ಮುಟ್ಟಿ. 10 ಮೀಟರ್‌ನಿಂದ 5 ಗುಂಡು. ನಾಡಿ, ಗ್ರೂಪಿಂಗ್, ಹೊಡೆಯುವ ಮೊದಲು ಎಷ್ಟು ಸೆಕೆಂಡ್ ಕಾದಿರಿ ಎಂಬುದು, ಮೂರನ್ನೂ ಬರೆಯಿರಿ.

ಅಷ್ಟೇ ಜೋರಾದ ಓಟವನ್ನು ಬೇರೆ ಬೇರೆ ಕಾಯುವಿಕೆಯ ಜೊತೆ ಮಾಡಿ. ಒಮ್ಮೆ ಆದೇಶ ಸಿಕ್ಕ ಕೂಡಲೇ, ಒಮ್ಮೆ 10 ಸೆಕೆಂಡ್ ಬಿಟ್ಟು, ಒಮ್ಮೆ 20 ಸೆಕೆಂಡ್ ಬಿಟ್ಟು. ನಾಲ್ಕೈದು ವಾರದಲ್ಲಿ ನಿಮ್ಮದೇ ಒಂದು ಪಟ್ಟಿ ಸಿಗುತ್ತದೆ. ಎಷ್ಟು ಕಾದರೆ ಕೈ ಎಷ್ಟು ಹದಕ್ಕೆ ಬರುತ್ತದೆ ಎಂದು ಅದು ನೇರವಾಗಿ ಹೇಳುತ್ತದೆ. ಕೆಲಸದ ಮೇಲಿದ್ದಾಗ ಮರೆಯಲ್ಲಿ ನಿಂತು ಎರಡು ಉಸಿರು ಹೆಚ್ಚು ತೆಗೆದುಕೊಳ್ಳಲು ಅವಕಾಶವಿದ್ದರೆ, ಅದರ ಬೆಲೆ ಏನೆಂದು ನಿಮಗೆ ಆಗ ಗೊತ್ತಿರುತ್ತದೆ.

ಓಟ ಒಂದನ್ನೇ ಮಾಡಬೇಡಿ. ಓಟ ಉಸಿರನ್ನು ಕೆಡಿಸುತ್ತದೆ. ಭಾರ ಎಳೆಯುವುದು, ಗೋಡೆ ಹತ್ತುವುದು, ಒಬ್ಬರನ್ನು ಹಿಡಿದು ನಿಲ್ಲಿಸುವುದು ಮುಂಗೈಯನ್ನು ಕೆಡಿಸುತ್ತವೆ. ಎರಡರ ಪರಿಣಾಮವೂ ಬೇರೆ. ಉಸಿರು ಒಂದು ನಿಮಿಷದಲ್ಲಿ ತಕ್ಕಮಟ್ಟಿಗೆ ಹತೋಟಿಗೆ ಬರಬಹುದು, ಸೋತ ಮುಂಗೈ ಅಷ್ಟು ಬೇಗ ಬರುವುದಿಲ್ಲ. ವಾರಕ್ಕೆ ಎರಡು ದಿನ ಸಾಕು, ನಡುವೆ ಎರಡು ದಿನ ಬಿಡುವು. ರಕ್ಷಣಾ ಕವಚ ಹಾಕಿಕೊಂಡು ಮಾಡುವುದನ್ನು ಕೊನೆಗೆ ಸೇರಿಸಿ. ಆ ಭಾರ, ಆ ಸೆಕೆ ಎರಡೂ ನಾಡಿಯನ್ನು ಬೇಗ ಏರಿಸುತ್ತವೆ.

ನಿದ್ದೆಗೆಟ್ಟ ದಿನ ಗುಂಡಿನ ಅಭ್ಯಾಸ ಬೇಡ. ಸತತ 17 ಗಂಟೆ ಎಚ್ಚರವಿದ್ದವರ ಚುರುಕುತನ, ರಕ್ತದಲ್ಲಿ 0.05 ಶೇಕಡಾ ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ. ನೀರಿನ ವಿಷಯವೂ ಹಾಗೇ. ಬೆವರಿನಿಂದ ಮೈತೂಕ ಶೇಕಡಾ 2ರಷ್ಟು ಇಳಿದರೆ, ಅಂದರೆ 70 ಕಿಲೋ ತೂಗುವವರು 1.4 ಕಿಲೋ ಕಳೆದುಕೊಂಡರೆ, ಗಮನ ಕೆಡಲು ಶುರುವಾಗುತ್ತದೆ.

ಹಂತ 6: ತಲೆಗೂ ಕೆಲಸ ಕೊಡಿ

ಬಹಳಷ್ಟು ಕಡೆ ತರಬೇತಿ ಹಂತ 5ಕ್ಕೇ ನಿಂತುಬಿಡುತ್ತದೆ. ಅದು ನನ್ನ ಪ್ರಕಾರ ಅರ್ಧ ತರಬೇತಿ, ಅಪಾಯದ ಅರ್ಧವೂ ಹೌದು. "ಓಡು, ಹೊಡಿ, ಓಡು, ಹೊಡಿ" ಎಂದು ನೂರು ಸಲ ಮಾಡಿಸಿದರೆ ದೇಹ ಒಂದೇ ಪಾಠ ಕಲಿಯುತ್ತದೆ: ಏದುಸಿರು ಬಂದರೆ ಹೊಡೆಯಬೇಕು. ಈ ಪಾಠ ಯಾರಿಗೂ ಬೇಡ.

ಮತ್ತೆ ಡಮ್ಮಿಗೆ ಬನ್ನಿ. ಕೈಯಲ್ಲಿ ಫೋನ್ ಹಿಡಿದವರು, ಬರಿಗೈಯವರು, ಗುರುತಿನ ಚೀಟಿ ತೋರಿಸುತ್ತಿರುವವರು, ಆಯುಧ ಹಿಡಿದವರು, ಹೀಗೆ ಚಿತ್ರಗಳನ್ನು ಮಾಡಿಕೊಳ್ಳಿ. ನೀವು ಓಡಿ ಬಂದು ನಿಂತ ಮೇಲೆ ಜೊತೆಗಾರ ಯಾವುದಾದರೂ ಒಂದನ್ನು ತಿರುಗಿಸಲಿ. ಹತ್ತರಲ್ಲಿ ಏಳಾದರೂ ಹೊಡೆಯಬಾರದ ಚಿತ್ರಗಳಿರಲಿ. ತಪ್ಪಾಗಿ ಒಮ್ಮೆ ಹೊಡೆದರೂ ಆ ಸುತ್ತಿನ ಅಂಕ ಸೊನ್ನೆ. ಚೆನ್ನಾಗಿ ಮಾಡಲು ಬಂದ ಮೇಲೆ, ತರಬೇತುದಾರರು ಒಪ್ಪಿದರೆ, ರೇಂಜ್‌ನಲ್ಲಿ ಗುಂಡಿನೊಂದಿಗೆ ಮಾಡಿ.

ಬೆಳಕು ಹೊತ್ತಿದ ಕೂಡಲೇ ಗುಂಡಿ ಒತ್ತುವಂಥ ಒಂದೇ ಕೆಲಸಕ್ಕೆ ಮನುಷ್ಯನಿಗೆ ಸುಮಾರು ಕಾಲು ಸೆಕೆಂಡ್ ಬೇಕು. ಆಯ್ಕೆಗಳು ಹೆಚ್ಚಾದಷ್ಟೂ ಸಮಯ ಹೆಚ್ಚುತ್ತದೆ. ಶುರುವಾದ ಕೆಲಸವನ್ನು ನಿಲ್ಲಿಸಲೂ ಸಮಯ ಬೇಕು. ಬೆರಳು ಆಗಲೇ ಟ್ರಿಗರ್ ಮೇಲಿದ್ದರೆ "ಅಯ್ಯೋ, ಅದು ಫೋನು" ಎಂದು ತಲೆಗೆ ಹೊಳೆಯುವಷ್ಟರಲ್ಲಿ ಗುಂಡು ಹೋಗಿರುತ್ತದೆ. ಬೆರಳು ಹೊರಗಿರಲಿ ಎಂದು ಮೊದಲೇ ಹೇಳಿದ್ದು ಇದಕ್ಕೂ ಸೇರಿ.

ಇಲ್ಲಿ ಮೂರು ಅಭ್ಯಾಸ ಬಹಳ ಉಪಯೋಗಕ್ಕೆ ಬರುತ್ತವೆ. ಮೊದಲು ಕೈ ನೋಡಿ, ಆಮೇಲೆ ಮುಖ. ಅಪಾಯ ಇರುವುದು ಕೈಯಲ್ಲಿ. ಎರಡನೆಯದು, "ನಿಲ್ಲಿ! ಕೈ ತೋರಿಸಿ!" ಎಂದು ಗಟ್ಟಿಯಾಗಿ ಕೂಗಿ. ಎದುರಿನವರಿಗೆ ಅವಕಾಶ ಕೊಟ್ಟಂತಾಯಿತು, ಜೊತೆಗೆ ಒಂದು ಉದ್ದನೆಯ ಉಸಿರನ್ನು ಹೊರಗೆ ಬಿಟ್ಟಂತೆಯೂ ಆಯಿತು. ಮೂರನೆಯದು, ಪ್ರತಿ ನಿರ್ಧಾರದ ನಂತರ ತಲೆಯನ್ನೇ ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿ. ನೋಟ ಕಿರಿದಾಗಿದ್ದಾಗ ಬರೀ ಕಣ್ಣುಗುಡ್ಡೆ ಆಡಿಸಿ ಸುಮ್ಮನಾಗಬೇಡಿ, ಕತ್ತೂ ತಿರುಗಲಿ. ಜೊತೆಗಾರ ಪಕ್ಕದಲ್ಲಿ ನಿಂತು ಬೆರಳು ತೋರಿಸಲಿ. ಎಷ್ಟು ಬೆರಳು ಎಂದು ನೀವು ಹೇಳಬೇಕು. ಶುರುವಿನಲ್ಲಿ ಹಲವರಿಗೆ ಅವನು ಅಲ್ಲಿದ್ದದ್ದೇ ಕಂಡಿರುವುದಿಲ್ಲ.

ಹಂತ 7: ಮುಗಿದ ಮೇಲಿನ ನೆನಪು

ಇದನ್ನು ಅಭ್ಯಾಸ ಎಂದು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕೆನಡಾದ ವಿನಿಪೆಗ್‌ನ ಪೊಲೀಸರನ್ನು ಸೇರಿಸಿಕೊಂಡು ನಡೆಸಿದ ಒಂದು ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಕೆಲವರು ಸುಸ್ತಾಗುವವರೆಗೆ ಪಂಚಿಂಗ್ ಬ್ಯಾಗ್‌ಗೆ ಗುದ್ದಿದರು, ಇನ್ನು ಕೆಲವರು ಸುಮ್ಮನೆ ನೋಡುತ್ತಿದ್ದರು. ಆಮೇಲೆ ಎರಡೂ ಗುಂಪಿನವರನ್ನು ಒಂದೇ ರೀತಿಯ ಸನ್ನಿವೇಶಕ್ಕೆ ಒಡ್ಡಿದರು. ದಣಿದವರಿಗೆ ನೆನಪಿದ್ದದ್ದು ಕಡಿಮೆ, ತಪ್ಪುಗಳೂ ಜಾಸ್ತಿ. ದಾರಿಯಲ್ಲಿ ಎದುರಾದ ವ್ಯಕ್ತಿ ಹೇಗಿದ್ದ ಎಂದು ವಿವರಿಸಲೂ ಹೆಚ್ಚಿನವರಿಗೆ ಆಗಲಿಲ್ಲ.

ಆದ್ದರಿಂದ ಪ್ರತಿ ಅಭ್ಯಾಸದ ಕೊನೆಗೆ, ಆಯುಧ ಖಾಲಿ ಮಾಡಿ ಒಪ್ಪಿಸಿದ ನಂತರ, ಕೂತು ಬರೆಯಿರಿ. ಎಷ್ಟು ಚಿತ್ರ ಕಂಡಿರಿ, ಯಾವ ಬಣ್ಣದ ಬಟ್ಟೆ, ಎಷ್ಟು ಗುಂಡು ಹೊಡೆದಿರಿ, ಜೊತೆಗಾರ ಏನು ಕೂಗಿದ. ಜೊತೆಗಾರನೂ ಬೇರೆ ಹಾಳೆಯಲ್ಲಿ ಬರೆಯಲಿ. ಇಬ್ಬರೂ ಬರೆದು ಮುಗಿಸುವವರೆಗೆ ಮಾತಾಡಬೇಡಿ. ಮಾತಾಡಿದರೆ ಅವನು ನೋಡಿದ್ದು ನಿಮ್ಮ ನೆನಪಾಗಿ ಕೂತುಬಿಡುತ್ತದೆ. ಮರುದಿನ ನಿದ್ದೆ ಮಾಡಿ ಎದ್ದ ಮೇಲೆ ಅದನ್ನೇ ಇನ್ನೊಮ್ಮೆ ಬರೆದು, ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ನಿಜವಾದ ಘಟನೆಯ ನಂತರ ವರದಿ ಯಾವಾಗ, ಹೇಗೆ ಕೊಡಬೇಕು ಎಂಬುದಕ್ಕೆ ನಿಮ್ಮ ಸಂಸ್ಥೆಯ ನಿಯಮವಿರುತ್ತದೆ, ಅದನ್ನೇ ಪಾಲಿಸಿ. ಯಾರಿಗಾದರೂ ಗಾಯವಾಗಿದೆಯೇ, ಅಪಾಯ ಇನ್ನೂ ಇದೆಯೇ ಎಂಬಂಥ ತುರ್ತು ಸಂಗತಿಗಳನ್ನು ತಕ್ಷಣ ತಿಳಿಸಿ. ಉಳಿದ ವಿವರದಲ್ಲಿ ನೆನಪಿಗೆ ಬಾರದ್ದನ್ನು "ನೆನಪಿಲ್ಲ" ಎಂದೇ ಬರೆಯಿರಿ. ಹೀಗೇ ಆಗಿರಬೇಕು ಎಂದು ಊಹಿಸಿ ಖಾಲಿ ಜಾಗ ತುಂಬಿಸಬೇಡಿ. ಆಮೇಲೆ ನೆನಪಾದರೆ, ಯಾವಾಗ ನೆನಪಾಯಿತು ಎಂಬ ದಿನಾಂಕ ಮತ್ತು ಹೊತ್ತನ್ನು ನಮೂದಿಸಿ, ಬೇರೆಯಾಗಿ ಸೇರಿಸಿ.